ಬೂದಿ ಹಾರಲಿ

ಮೇಷ್ಟ್ರು ನನ್ನ ಕೋಣೆಗೆ ಬಂದವರೇ ಹಿಂದೆ ತಿರುಗಿ ನೋಡಿ ಬಾಗಿಲು ಹಾಕಿಕೊಂಡರು. ಅವರ ನಿವೃತ್ತಿಗೆ ಇನ್ನೊಂದು ವಾರವಿತ್ತು. ಹಾರಕ್ಕೆ, ಶಾಲಿಗೆ, ಮೈಸೂರು ಪೇಟಕ್ಕೆ ನಮ್ಮ ಎದೆರೋಗದ ಡಿಪಾರ್ಟ್‌ಮೆಂಟಿನವರೆಲ್ಲ ಓಡಾಡುತ್ತಿದ್ದರು.

“ಪೇಶೆಂಟ್ ಯಾರೂ ಇಲ್ವಲ್ಲ?” ಎಂದರು.

“ಇಲ್ಲ ಸಾರ್, ಊಟದ ಹೊತ್ತು.”

“ಹಾಗಾದ್ರೆ ನಂದೊಂದು ನೋಡಿಬಿಡು ಮಗಾ.”

ಮಳೆಗಾಲದಿಂದ ಅವರು ಕೆಮ್ಮುತ್ತಿದ್ದರು. ಒಣಕೆಮ್ಮು. ಬಿ.ಪಿ. ಏರಿದೆ ಎಂದು ಹೊಸ ಮಾತ್ರೆ ಶುರುಮಾಡಿದ್ದರಲ್ಲ, ಅದೇ ದಿನಗಳಿಂದ ನೋಡುತ್ತಿದ್ದೆ, ಮೆಟ್ಟಿಲ ಮೇಲೆ ನಿಂತು ಕೆಮ್ಮುವರು, ಪಾಠದ ನಡುವೆ ಕೆಮ್ಮುವರು. ಕೇಳಿದರೆ “ಧೂಳು ಕಣಮ್ಮ” ಎಂದು ಮಾತು ಹಾರಿಸುವರು. ಅಂಥ ಒಣಕೆಮ್ಮು ಕೆಲವರಲ್ಲಿ ಎಲ್ಲಿಗೆ ಹೋಗಿ ಮುಟ್ಟುತ್ತದೆ, ಮೆತ್ತಗಿರಬೇಕಾದ ಶ್ವಾಸಕೋಶ ಹೇಗೆ ಚಕ್ಕಳದ ಹಾಗೆ ಬಿಗಿಯುತ್ತ ಹೋಗುತ್ತದೆ ಎಂದು ವರ್ಷವರ್ಷವೂ ಪಾಠ ಮಾಡಿದವರು ಅವರೇ. ಗೊತ್ತಿದ್ದದ್ದೇ ಅವರಿಗೆ ಮುಳುವಾಗಿತ್ತು. ಪರೀಕ್ಷೆ ಮಾಡಿಸಿಕೊಳ್ಳಿ ಎಂದವರಿಂದೆಲ್ಲ ತಪ್ಪಿಸಿಕೊಂಡು ತಿರುಗುತ್ತಿದ್ದರು. ಮೈಸೂರಿನ ವೈದ್ಯಕೀಯ ಕಾಲೇಜಿನಲ್ಲಿ ನನ್ನ ಕೆಲಸ ಜನರಿಂದ ಊದಿಸುವುದು. ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಯಂತ್ರದ ಕೊಳವೆ ಕೊಟ್ಟು ಊದಿಸಿದರೆ ಎದೆಯ ಶಕ್ತಿ ಎಷ್ಟಿದೆ ಎಂದು ಪರದೆಯ ಮೇಲೆ ಗೆರೆ ಏಳುತ್ತದೆ. ಎಷ್ಟು ಸಾವಿರ ಜನರನ್ನು ಊದಿಸಿದ್ದೇನೋ, ಆವತ್ತು ಮಾತ್ರ ಕಣ್ಣೆದುರಿಗಿದ್ದ ಕ್ಲಿಪ್ಪನ್ನೇ ಹುಡುಕಿದೆ.

ಅವರು ಊದುವ ಮೊದಲು ಅವರು ಯಾರೆಂದು ಹೇಳಿಬಿಡುತ್ತೇನೆ. ಹೆಸರು ಹೇಳುವಂತಿಲ್ಲ. “ಬರಿ, ಆದರೆ ಹೆಸರು ಹಾಕಬೇಡ. ಹೆಸರು ಹಾಕಿದರೆ ಹೊಗಳಬೇಕಾಗುತ್ತೆ, ಹೊಗಳಿದರೆ ಸುಳ್ಳಾಗುತ್ತೆ” ಎಂದು ಅಪ್ಪಣೆಯಾಗಿದೆ.

ಸಾಲಿಗ್ರಾಮದ ಕಡೆಯ ಒಕ್ಕಲು ಮನೆಯವರು. ಅವರು ಓದುವ ಕಾಲಕ್ಕೆ ಎದೆರೋಗದ ವಿಭಾಗಕ್ಕೆ ಯಾರೂ ಇಷ್ಟಪಟ್ಟು ಹೋಗುತ್ತಿರಲಿಲ್ಲವಂತೆ. ಕ್ಷಯದ ವಾರ್ಡಿನ ಡಾಕ್ಟರೆಂದರೆ ಹೆಣ್ಣು ಕೊಡುವವರೂ ಎರಡು ಹೆಜ್ಜೆ ಹಿಂದೆ. “ಹೃದಯಕ್ಕೆ ನನ್ನ ಮಾರ್ಕ್ಸು ಸಾಲಲಿಲ್ಲ, ಪಕ್ಕದಲ್ಲಿದ್ದದ್ದು ಸಿಕ್ತು” ಎಂದು ಪ್ರತಿವರ್ಷ ಹೊಸ ವಿದ್ಯಾರ್ಥಿಗಳೆದುರು ಹೇಳಿ, ಯಾರೂ ನಗದಿದ್ದರೆ ತಾವೇ ನಗುತ್ತಿದ್ದರು.

ಎದೆಯ ಮೇಲೆ ಒಂದು ಬೆರಳಿಟ್ಟು ಇನ್ನೊಂದು ಬೆರಳಿನಿಂದ ಬಡಿದು, ಒಳಗೆ ಗಾಳಿಯಿದೆಯೋ ನೀರಿದೆಯೋ ಎಂದು ಸದ್ದಿನಿಂದಲೇ ತಿಳಿಯುವ ವಿದ್ಯೆ ಡಾಕ್ಟರುಗಳಿಗೆಲ್ಲ ಗೊತ್ತು. ಇವರಿಗೆ ಅದು ಚಟವಾಗಿತ್ತು. ಬಾಗಿಲು ಕಂಡರೆ ಬಡಿಯುವರು, ನೀರಿನ ಡ್ರಮ್ಮು ಕಂಡರೆ ಬಡಿಯುವರು. ಒಮ್ಮೆ ಹುಣಸೂರಿನ ಸಂತೆಯಲ್ಲಿ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಹಲಸಿನ ಹಣ್ಣುಗಳ ರಾಶಿಯ ಮೇಲೆ ಪಾಠ ಶುರುಮಾಡಿದರು. “ಇದು ಕಾಯಿ, ಕೇಳಿ. ಇದು ಹಣ್ಣು, ಕೇಳಿ.” ಅಂಗಡಿಯ ಸಾಬರು ಸ್ವಲ್ಪ ಹೊತ್ತು ನೋಡಿದರು.

“ಡಾಕ್ಟರ್ ಸಾಬ್, ತಗೊಳ್ಳೋದಾದ್ರೆ ತಗೊಳ್ರಿ, ಇಲ್ಲಾಂದ್ರೆ ಬಿಡ್ರಿ. ನನ್ ಹಣ್ಣಿಗೆಲ್ಲಾ ಟಿ.ಬಿ. ಅಂತ ಗಿರಾಕಿ ತಿಳ್ಕೊಂಡು ಓಡೋಗ್ತಾರೆ!”

ಮೇಷ್ಟ್ರು ತೆಪ್ಪಗೆ ಒಂದು ಹಣ್ಣು ಕೊಂಡುಕೊಂಡರು. ಹಾಸ್ಟೆಲಿನಲ್ಲಿ ಕೊಯ್ದು ನೋಡಿದರೆ ಕಾಯಿ. ಅದನ್ನೂ ಅವರೇ ಹೇಳಿಕೊಂಡು ತಿರುಗಿದರು.

ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡದೆ ಯಾರ ಬೆನ್ನಿಗೂ ಇಡುತ್ತಿರಲಿಲ್ಲ. ಇಟ್ಟಮೇಲೆ ಕಣ್ಣು ಮುಚ್ಚುವರು. ಕಣ್ಣು ಮುಚ್ಚಿ, ಕತ್ತು ಒಂದಿಷ್ಟು ಎಡಕ್ಕೆ ವಾಲಿಸಿ, ದೂರದ ಯಾರದೋ ಮಾತು ಕೇಳುವವರಂತೆ ಕೂತುಬಿಡುವರು. ಆ ಭಂಗಿ ನೆನಪಿರಲಿ, ಮುಂದೆ ಬೇಕಾಗುತ್ತದೆ. ಬೀಡಿ ಸೇದುವವರನ್ನು ಹಿಡಿದು ಬೈಯುತ್ತಿದ್ದರು. ಆದರೆ ಹೊಗೆಸೊಪ್ಪು ಬೆಳೆಯುವುದನ್ನು ಬಿಡಿ ಎಂದು ಯಾವ ರೈತನಿಗೂ ಹೇಳಿದ್ದನ್ನು ನಾನು ಕೇಳಿಲ್ಲ. “ಬೆಳೆ ಬಿಡು ಅಂದ್ರೆ ಅವನು ಬೆಳೆ ಬಿಡಲ್ಲ, ನನ್ನ ಹತ್ರ ಬರೋದು ಬಿಡ್ತಾನೆ. ಸೊಪ್ಪು ಬೇಯಿಸೋ ಬ್ಯಾರನ್ ಮನೆ ಬಾಗಿಲು ತೆಗೆದಿಟ್ಟು, ಗಾಳಿಯಾಡಿದ ಮೇಲೆ ಒಳಗೆ ಹೋಗು ಅಂದ್ರೆ ಕೇಳ್ತಾನೆ” ಎನ್ನುವರು.

ಅವರು ನನ್ನ ಬದುಕಿಗೆ ಬಂದದ್ದು ನಮ್ಮವ್ವನ ಎದೆಯ ದಾರಿಯಿಂದ.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕು, ಹಾರನಹಳ್ಳಿ ಹೋಬಳಿ. ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ಮನೆಮನೆಯ ಬ್ಯಾರನ್ನಿಗೂ ಹಗಲೂ ರಾತ್ರಿ ಸೌದೆ ತುಂಬುತ್ತಲೇ ಇರಬೇಕು. ಹೆಂಗಸರಿಗೆ ಅಲ್ಲಿಯ ಹೊಗೆ ಸಾಲದೆಂದು ಮನೆಗೆ ಬಂದರೆ ಒಲೆಯ ಹೊಗೆ. ಈ ಎರಡು ಹೊಗೆ ಸೇರಿ ಹೆಂಗಸರ ಎದೆಯನ್ನು ಏನು ಮಾಡುತ್ತವೆ ಎಂಬುದು ಮೇಷ್ಟ್ರ ಸಂಶೋಧನೆ. ಆಗ ಅವರಿನ್ನೂ ಪ್ರೊಫೆಸರಾಗಿರಲಿಲ್ಲ. ಅವರ ವಿದ್ಯಾರ್ಥಿಗಳು ಸುತ್ತಿನ ಹಳ್ಳಿಗಳಿಗೆ ಬಂದು, ಸ್ಕೂಲಿನ ಜಗಲಿಯಲ್ಲಿ ಕೂತು, ಅಳತೆ ತೋರಿಸುವ ಮುಳ್ಳಿರುವ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟು ಊದಿ ಎಂದರು. ಗಂಡಸರು ಊದಿದರು, ಮುಳ್ಳು ಸರ್ರನೆ ಮುಂದೋಡಿತು. ಹೆಂಗಸರು ಊದಿದರು, ಅರ್ಧ ದಾರಿಗೂ ಬರಲಿಲ್ಲ. ಎಲ್ಲರಿಗಿಂತ ಹಿಂದೆ ನಿಂತದ್ದು ನಮ್ಮವ್ವನ ಮುಳ್ಳು.

“ನಿಮ್ಮ ಶ್ವಾಸಕೋಶದ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗಿದೆ, ಮೈಸೂರಿಗೆ ಬಂದು ತೋರಿಸಿಕೊಳ್ಳಿ” ಎಂದ ಒಬ್ಬ ಹುಡುಗ. ಅವನು ಹೇಳಿದ್ದು ಇಷ್ಟೇ. ಸಂಜೆಯ ಹೊತ್ತಿಗೆ ಊರಲ್ಲಿ ಅದು “ಅವಳ ಎದೆ ಅರ್ಧ ಓಗ್ಬುಟ್ಟದಂತೆ” ಎಂದಾಗಿತ್ತು. ಅವ್ವ ಅಲ್ಲಿಯವರೆಗೆ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ಬಾವಿಯಿಂದ ದಾಪುಗಾಲು ಹಾಕುತ್ತಿದ್ದವಳು, ಮರುದಿನದಿಂದ ಹೊಸಿಲು ದಾಟಬೇಕಾದರೂ ಗೋಡೆ ಹಿಡಿದಳು. ಮೈಸೂರಿಗೆ ಬರಲು ಒಪ್ಪಲಿಲ್ಲ. ಇನ್ನರ್ಧವೂ ಹೋಗಿದೆ ಎಂದುಬಿಟ್ಟರೆ?

ಹೀಗೇ ವರ್ಷ ಕಳೆದು ನಾನು ಪಿಯುಸಿ ಎರಡನೇ ವರ್ಷಕ್ಕೆ ಬಂದಿದ್ದೆ. ಅಪ್ಪ ಒಂದು ರಾತ್ರಿ ಊಟ ಮಾಡುತ್ತ, ನನ್ನ ಕಡೆ ನೋಡದೆ, “ಅವಳ ಕಣ್ಮುಂದೇನೇ ನಾಕು ಅಕ್ಕಿಕಾಳು ಬಿದ್ಬುಡ್ಲಿ” ಎಂದಿತು. ಕೆ.ಆರ್. ನಗರದ ಕಡೆಯ ಗಂಡು, ದೂರದ ನೆಂಟರು. ಓದು ಅಲ್ಲಿಗೆ ಮುಗಿಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಸಾಯುವ ತಾಯಿಯ ಮುಂದೆ ನಾನು ಓದುತ್ತೇನೆ ಎನ್ನುವುದಾದರೂ ಹೇಗೆ? ಕೊಟ್ಟಿಗೆಯಲ್ಲಿ ಕೂತು ಅತ್ತೆ. ಯಾರಿಗಾಗಿ ಅಳುತ್ತಿದ್ದೇನೆ, ಅವ್ವನಿಗೋ ನನಗೋ ಎಂದು ತಿಳಿಯದೆ ಇನ್ನಷ್ಟು ಅತ್ತೆ.

ಅತ್ತ ಮೈಸೂರಿನಲ್ಲಿ ಮೇಷ್ಟ್ರ ಪ್ರಬಂಧ ದೊಡ್ಡ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಬೀಡಿ ಸೇದುವ ಗಂಡಸರಿಗಿಂತ ಒಲೆ ಊದುವ ಹೆಂಗಸರ ಎದೆಯೇ ಹೆಚ್ಚು ಹಾಳಾಗಿದೆ ಎಂಬ ಮಾತು ಎಲ್ಲರ ಕಿವಿ ನಿಮಿರಿಸಿತ್ತು. ಪ್ರೊಫೆಸರ್ ಹುದ್ದೆಗೆ ಸಂದರ್ಶನ ಹತ್ತಿರದಲ್ಲಿತ್ತು. ಆ ಪ್ರಬಂಧವೊಂದಿದ್ದರೆ ಕುರ್ಚಿ ಇವರದೇ ಎಂದು ಜವಾನರೂ ಮಾತಾಡಿಕೊಳ್ಳುತ್ತಿದ್ದರಂತೆ.

ಮದುವೆಯ ಸೀರೆ ತರಲು ಅವ್ವನೂ ನಾನೂ ಹುಣಸೂರಿಗೆ ಹೋದೆವು. ವಾಪಸು ಬರುವಾಗ ಬಸ್ಸು ಹತ್ತಿ ಕೂತಾಯಿತು. ಕಂಡಕ್ಟರು ಟಿಕೆಟ್ಟು ಹರಿಯಲು ಬಂದವನು, “ನಿಮ್ ಗೇಟ್ಗೆ ಸ್ಟಾಪಿಲ್ಲ, ಎಕ್ಸ್‌ಪ್ರೆಸ್ಸು ಇದು. ಇಳ್ಕೊಳಿ” ಎಂದ. ನಮ್ಮ ಕಡೆ ಗೇಟು ಎಂದರೆ ಹೆದ್ದಾರಿಯಿಂದ ಊರಿಗೆ ತಿರುಗುವ ಜಾಗ. ಅವ್ವ ಇಳಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು.

“ಏನಂದೆ, ಸ್ಟಾಪಿಲ್ವಾ? ನೀನು ತೊಟ್ಲಲ್ಲಿ ಕೈಕಾಲು ಆಡುಸ್ತಿದ್ದಾಗ್ಲಿಂದ ಇದೇ ಬಸ್ಸು ಅದೇ ಗೇಟಲ್ಲಿ ನಿಲ್ತಾ ಅದೆ ಕಣ್ಲಾ ನಮ್ಮಾವ ಸತ್ತಾಗ ಊರಿಗೂರೇ ಇಳಿದದ್ದು ಅಲ್ಲೇಯಾ ನನ್ ಮದ್ವೆ ದಿಬ್ಬಣ ಇಳಿದದ್ದು ಅಲ್ಲೇಯಾ ಈಗ ನೀನು ನೆನ್ನೆ ಮೊನ್ನೆ ಬ್ಯಾಗು ನೇತಾಕೊಂಡು ಬಂದೋನು ಇಲ್ಲ ಅಂತೀಯಾ ಬಸ್ಸೇನು ನಿಮ್ಮಪ್ಪ ಮಾಡ್ಸಿದ್ನಾ ರೋಡೇನು ನಿಮ್ಮಜ್ಜಿ ಬಳುವಳಿ ಕೊಟ್ಟಿದ್ಲಾ ನಿಲ್ಸಕ್ಕಾಗಲ್ಲ ಅಂದ್ರೆ ಓಗು ಓಗಿ ಡ್ರೈವರ್ನ ಕೇಳು ಅವ್ನಾದ್ರೂ ಅವ್ವನ ಹಾಲು ಕುಡಿದವ್ನಾ ನೋಡಾನ...”

ಬಸ್ಸು ಹೊರಟಿತು. ಬೈಗುಳವೂ ಜೊತೆಯಲ್ಲೇ ಹೊರಟಿತು. ಹುಣಸೂರು ದಾಟಿದರೂ ನಿಲ್ಲಲಿಲ್ಲ. ನಾನು ಸೀರೆಯ ಕವರಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಕಂಡಕ್ಟರು ಎರಡು ಸಲ ಬಾಯಿ ತೆರೆದ, ಎರಡು ಸಲವೂ ಸಂದು ಸಿಗಲಿಲ್ಲ. ಕೊನೆಗೆ ಅವ್ವ ಹೇಳಿದ ಮಾತಿಗೆ ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.

“ಎದೆ ಅರ್ಧ ಓಗಿರೋ ಎಂಗಸು ಕಣ್ಲಾ ನಾನು! ಮೈಸೂರ್ ಡಾಕ್ಟ್ರೇ ಏಳವ್ರೆ. ಮುಂದ್ಲು ಸ್ಟಾಪಿಂದ ವಾಪಸ್ ನಡ್ಕಂಡು ಬರಕ್ಕೆ ನಂಗೆ ಉಸ್ರೆಲ್ಲದೆ?”

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ತಿರುಗಿ ನೋಡಿದೆ. ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಕಣ್ಣು ಮುಚ್ಚಿ, ಕತ್ತು ಎಡಕ್ಕೆ ವಾಲಿಸಿ ಒಬ್ಬರು ಕೂತಿದ್ದರು. ಅವ್ವನ ಮಾತನ್ನು ಮೊದಲಿಂದ ಕೊನೆಯವರೆಗೂ ಹಾಗೆಯೇ ಕೇಳಿದ್ದರು ಎಂದು ಆಮೇಲೆ ಗೊತ್ತಾಯಿತು. ಕಾಲೇಜಿನ ಜೀಪು ಎಂದೂ ಅವರ ಪಾಲಿಗೆ ಸಿಗುತ್ತಿರಲಿಲ್ಲ, ಹಳ್ಳಿ ತಿರುಗುವುದೆಲ್ಲ ಸರ್ಕಾರಿ ಬಸ್ಸಿನಲ್ಲೇ.

“ತಾಯಿ, ಎದೆ ಅರ್ಧ ಹೋಗಿದೆ ಅಂತ ಯಾವ ಡಾಕ್ಟರು ಹೇಳಿದ್ರು?”

“ಸ್ಕೂಲ್ತಾವ ಬಂದಿದ್ರಲ್ಲ, ಆ ಉಡುಗ್ರು.”

“ಆ ಹುಡುಗರ ಮೇಷ್ಟ್ರು ನಾನೇ” ಎಂದರು. ಈಗ ಅವರು ನಗುತ್ತಿರಲಿಲ್ಲ. “ನಿಮ್ಮನೆಗೆ ಬರಬಹುದಾ?”

ಬಸ್ಸು ನಮ್ಮ ಗೇಟಿನಲ್ಲಿ ನಿಂತಿತು. ನಿಲ್ಲದೆ ಇರಲು ಕಂಡಕ್ಟರಿಗೇನು ಹುಚ್ಚೇ?

ಮನೆಗೆ ಬಂದ ಡಾಕ್ಟರಿಗೆ ಕಾಫಿ ಕೊಡದೆ ಇರಲಾಗುತ್ತದೆಯೇ. ಅವ್ವ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಊದುಗೊಳವೆ ಬಾಯಿಗಿಟ್ಟು, ಕೆನ್ನೆ ಚೂರೇ ಉಬ್ಬಿಸಿ, ಹದವಾಗಿ, ಉಫ್... ಉಫ್... ಎಂದು ಊದಿದಳು. ಕೆಂಡ ಕೆಂಪಾಯಿತು, ಒಂದು ಚಿಟಿಕೆ ಬೂದಿ ಏಳಲಿಲ್ಲ. ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು. ಕಾಫಿ ಕುಡಿದು ಲೋಟ ಕೆಳಗಿಟ್ಟು, ಚೀಲದಿಂದ ಆ ಮುಳ್ಳಿನ ಕೊಳವೆ ತೆಗೆದರು.

“ಇದನ್ನೊಂದು ಸಲ ಊದಿ ತಾಯಿ.”

ಅವ್ವನ ಮುಖ ಸಣ್ಣದಾಯಿತು. ಕೊಳವೆಯನ್ನು ಬಾಯಿಗಿಟ್ಟು, ಕೆನ್ನೆ ಚೂರೇ ಉಬ್ಬಿಸಿ, ಉಫ್ ಎಂದಳು. ಮುಳ್ಳು ಹಿಂದಿನ ಜಾಗದಲ್ಲೇ ನಿಂತಿತು.

“ಯಾಕೆ ಇಷ್ಟು ಮೆತ್ತಗೆ ಊದ್ತೀರಿ?”

“ಜೋರಾಗೂದುದ್ರೆ ಬೂದಿ ಆರಲ್ವಾ ಸಾ? ಸಾರಿಗೆಲ್ಲ ಬೀಳ್ತದೆ. ನಮ್ಮತ್ತೆ ಕೈಲಿ ಅದುಕ್ಕೆ ಎಷ್ಟು ತಿವಿಸ್ಕೊಂಡಿವ್ನಿ ನಾನು!”

“ಇದರಲ್ಲಿ ಬೂದಿ ಎಲ್ಲಿದೆಯವ್ವಾ?”

ಅವ್ವ ಕೊಳವೆಯನ್ನು ತಿರುಗಿಸಿ ನೋಡಿದಳು. ಬೂದಿಯಿರಲಿಲ್ಲ. ಆದರೂ ಒಪ್ಪಿದಂತೆ ಕಾಣಲಿಲ್ಲ. ಕೊಳವೆ ಕೈಗೆ ಬಂದರೆ ಅದನ್ನು ಊದುವುದಕ್ಕೆ ಒಂದು ರೀತಿಯಿದೆ, ಸೊಸೆಯಾಗಿ ಬಂದಾಗ ಅತ್ತೆ ತಲೆಗೆ ಮೊಟಕಿ ಕಲಿಸಿದ್ದು ಅದು.

“ಈಗ ನೋಡಿ, ಆ ಕಂಡಕ್ಟರು ಇದರೊಳಗೆ ಕೂತವ್ನೆ ಅಂದ್ಕೊಳ್ಳಿ. ಎದೆ ತುಂಬ ಉಸಿರು ತಗೊಳ್ಳಿ. ಒಲೆಯಲ್ಲಿರೋ ಬೂದಿಯೆಲ್ಲ ಅವನ ಮುಖಕ್ಕೆ ಹಾರಬೇಕು. ಹಾರ್ಲಿ ಬೂದಿ!”

ಅವ್ವ ಊದಿದಳು. ಮುಳ್ಳು ಹೋಗಿ ಆ ಕೊನೆಗೆ ಟಪ್ಪೆಂದು ಬಡಿಯಿತು.

ಮೇಷ್ಟ್ರು ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೂ ಏಳಲಿಲ್ಲ. ಆ ಹೊತ್ತಿನಲ್ಲಿ ಅವರ ತಲೆಯಲ್ಲಿ ಓಡಿದ್ದೇನೆಂದು ನನಗೆ ಅರ್ಥವಾಗುವಷ್ಟು ವಯಸ್ಸಾಗಿರಲಿಲ್ಲ. ಅವ್ವನ ಮುಳ್ಳು ಸುಳ್ಳೆಂದರೆ ಎಲ್ಲ ಹೆಂಗಸರ ಮುಳ್ಳೂ ಸುಳ್ಳು. ಅಚ್ಚಾದ ಪ್ರಬಂಧ ಸುಳ್ಳು. ಕಾದಿದ್ದ ಕುರ್ಚಿ ಇಲ್ಲ.

“ತಾಯಿ, ನಿಮಗೇನೂ ಆಗಿಲ್ಲ. ತಪ್ಪು ನನ್ನದು” ಎಂದು ಕೈಮುಗಿದರು. ಆಮೇಲೆ ಇನ್ನೊಂದು ಲೋಟ ಕಾಫಿ ಕೇಳಿದರು.

ಅಪ್ಪನಿಗೆ ಸಂತೋಷ ತಡೆಯಲಾಗಲಿಲ್ಲ. ಆದರೂ, “ಅಂಗಾರೆ ಮದ್ವೆ?” ಎಂದಿತು.

“ಯಾಕೆ, ನಾನೇನ್ ಸಾಯ್ತಿದ್ದೀನಾ ಈಗ? ಓದ್ಲಿ ಬುಡು ಮಗ” ಎಂದಳು ಅವ್ವ. ನನ್ನ ಬದುಕಿನ ಅತಿ ದೊಡ್ಡ ತೀರ್ಪು ಇಷ್ಟು ಸಲೀಸಾಗಿ ಬಂತು. ಕೊಟ್ಟಿಗೆಗೆ ಹೋಗಿ ಮತ್ತೆ ಅತ್ತೆ, ಈ ಸಲ ಯಾರಿಗಾಗಿ ಎಂಬ ಅನುಮಾನವಿರಲಿಲ್ಲ. ಆ ಸೀರೆಯನ್ನು ಮುಂದಿನ ಯುಗಾದಿಗೆ ಅವ್ವ ತಾನೇ ಉಟ್ಟಳು.

ಮೈಸೂರಿನಲ್ಲಿ ಹಿರಿಯರು, ಗೆಳೆಯರು ಎಲ್ಲರೂ ಮೇಷ್ಟ್ರಿಗೆ ಹೇಳಿದರಂತೆ: ಸುಮ್ಮನಿರಿ, ಸಂದರ್ಶನ ಮುಗಿಯಲಿ, ಆಮೇಲೆ ನೋಡೋಣ, ಹಳ್ಳಿ ಹೆಂಗಸರು ಹೇಗೆ ಊದಿದರು ಅಂತ ಯಾರು ಬಂದು ನೋಡುತ್ತಾರೆ? ಇವರು ಪ್ರಬಂಧ ವಾಪಸು ತೆಗೆದುಕೊಂಡರು. ಕುರ್ಚಿಯಲ್ಲಿ ಬೇರೊಬ್ಬರು ಕೂತರು. ಬಹಳ ವರ್ಷ ಇವರು ಇದ್ದಲ್ಲಿಯೇ ಇದ್ದರು. ಕೊನೆಗೆ ಇವರ ವಿದ್ಯಾರ್ಥಿಯೊಬ್ಬರೇ ಇವರ ಮೇಲಿನ ಹುದ್ದೆಗೆ ಬಂದಾಗ, ಅವರ ಕೋಣೆಯ ಬಾಗಿಲು ತಟ್ಟಿ “ಸಾರ್, ಒಳಗೆ ಬರಬಹುದಾ?” ಎಂದು ಕೇಳಿ ಆ ಮಹಾಶಯ ನಾಚಿಕೆಯಿಂದ ಕುರ್ಚಿ ಬಿಟ್ಟು ಏಳುವಂತೆ ಮಾಡುತ್ತಿದ್ದರು. ಪ್ರೊಫೆಸರಾದದ್ದು ತಲೆ ಪೂರ್ತಿ ನರೆತ ಮೇಲೆ. ನಾನೊಮ್ಮೆ ತಡೆಯಲಾರದೆ, “ಬೇಜಾರಾಗಲಿಲ್ವಾ ಸಾರ್?” ಎಂದು ಕೇಳಿದೆ.

“ಆಯ್ತಪ್ಪ, ಆಗದೆ ಇರುತ್ತಾ? ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ. ಆದ್ರೆ ಯೋಚನೆ ಮಾಡು, ನನ್ನ ಪ್ರಬಂಧ ನಿಜವಾಗಿದ್ದಿದ್ರೆ ಅಷ್ಟು ಜನ ಹೆಣ್ಣುಮಕ್ಕಳ ಎದೆ ಹಾಳಾಗಿರಬೇಕಿತ್ತು. ಸುಳ್ಳಾದದ್ದೇ ಒಳ್ಳೇದಲ್ವಾ?”

ಇದನ್ನು ಅವರು ದೊಡ್ಡ ಮಾತಿನಂತೆ ಹೇಳಲಿಲ್ಲ. ಹೇಳುತ್ತಲೇ ಮೇಜನ್ನು ಬಡಿದು ಸದ್ದು ಕೇಳುತ್ತಿದ್ದರು.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಹಳ್ಳಿಗಳಿಗೆಲ್ಲ ಅವರು ಮತ್ತೆ ಹೋದರು. ಈ ಸಲ ಹುಡುಗರನ್ನು ಮಾತ್ರ ಕಳಿಸಲಿಲ್ಲ, ತಾವೇ ಬಸ್ಸು ಹತ್ತಿದರು. ಮನೆಮನೆಯ ಮುಂದೆ ನಿಂತು, “ಅವ್ವಾ, ಅವತ್ತು ಹೇಳಿದ್ದು ತಪ್ಪು, ಇನ್ನೊಂದು ಸಲ ಊದಿ” ಎಂದರು. ಕೆಲವರ ಎದೆ ನಿಜವಾಗಿಯೂ ಕೆಟ್ಟಿತ್ತು. ಅಂಥವರನ್ನು ಕರೆತಂದು ಔಷಧ ಕೊಡಿಸಿದರು. ಉಳಿದವರೆಲ್ಲ ಬೂದಿ ಹಾರಿಸಿದರು. ಅಂದಿನಿಂದ ನಮ್ಮ ವಿಭಾಗಕ್ಕೆ ಸೇರುವ ಪ್ರತಿಯೊಬ್ಬ ಹೊಸ ಡಾಕ್ಟರೂ ಮೊದಲು ನಮ್ಮವ್ವನ ಒಲೆಯ ಮುಂದೆ ಕೂತು ಕೊಳವೆ ಊದಬೇಕೆಂಬ ನೇಮವಾಯಿತು. ಬೆಂಗಳೂರಿನ, ಕೇರಳದ ಹುಡುಗ ಹುಡುಗಿಯರು ಮುಖವೆಲ್ಲ ಬೂದಿ ಮಾಡಿಕೊಂಡು ಅವ್ವನ ಕೈಲಿ ಬೈಸಿಕೊಂಡು ಮುದ್ದೆ ಉಂಡು ಹೋಗುತ್ತಾರೆ. ಗ್ಯಾಸು ಬಂದು ಎಷ್ಟೋ ವರ್ಷವಾದರೂ ಅವ್ವ ಆ ಒಂದು ಒಲೆ ಕಿತ್ತಿಲ್ಲ. ನಾನು ಓದಿ, ಟೆಕ್ನೀಶಿಯನ್ ಆಗಿ ಅದೇ ವಿಭಾಗ ಸೇರಿದೆ. ಯಂತ್ರದ ಮುಂದೆ ಕೂತವರಿಗೆ ನಾವು ಈಗಲೂ ಕೂಗುವುದು “ಹಾರ್ಲಿ ಬೂದಿ” ಎಂಬ ಆ ಮಾತನ್ನೇ.

ಈಗ ಆ ಕೋಣೆಗೆ ಮರಳುತ್ತೇನೆ. ಮೇಷ್ಟ್ರು ಮೂಗಿಗೆ ಕ್ಲಿಪ್ಪು ಹಾಕಿಕೊಂಡು ಕೊಳವೆ ಕಚ್ಚಿದರು. ಊದಿದರು. ಪರದೆಯ ಗೆರೆ ಒಂದಿಷ್ಟು ಮೇಲೆದ್ದು ಸೋತುಬಿತ್ತು.

ಅವರು ಕ್ಲಿಪ್ಪು ತೆಗೆದು ಮೇಜಿನ ಮೇಲಿಟ್ಟರು. “ನೋಡಿದ್ಯಾ. ನಾನಂದುಕೊಂಡಿದ್ದೇ” ಎಂದರು. ಒಮ್ಮೆಗೇ ವಯಸ್ಸಾದವರಂತೆ ಕಂಡರು. ಕಣ್ಣೊರೆಸಿಕೊಂಡು ಮತ್ತೊಮ್ಮೆ ಗೆರೆ ನೋಡಿದೆ. ಬಿಗಿದುಹೋದ ಶ್ವಾಸಕೋಶದ ಗೆರೆ ಹೀಗಿರುವುದಿಲ್ಲ, ಅದು ಚೂಪಾಗಿ ಎದ್ದು ಬೇಗ ಮುಗಿಯುತ್ತದೆ. ಇದು ಎದ್ದೇ ಇರಲಿಲ್ಲ. ಈ ಗೆರೆ ನನಗೆ ಚೆನ್ನಾಗಿ ಗೊತ್ತಿತ್ತು. ದುಃಖ ಹೋಗಿ ಸಿಟ್ಟು ಬಂತು.

“ಸಾರ್, ಯಾರ ಮನೆ ಒಲೆ ಊದ್ತಿದ್ದೀರಿ?”

ತಲೆಯೆತ್ತಿ ನೋಡಿದರು.

“ಉಫ್ ಅಂದ್ರಲ್ಲ ಈಗ, ಯಾರ ಸಾರಿಗೆ ಬೂದಿ ಬೀಳುತ್ತೆ ಅಂತ?”

“ಭಯ ಕಣಮ್ಮ” ಎಂದರು ಸಣ್ಣ ದನಿಯಲ್ಲಿ. “ಏನು ಬರುತ್ತೋ ಅಂತ ಉಸಿರೇ ಏಳಲಿಲ್ಲ.”

“ಹಾಕ್ಕೊಳ್ಳಿ ಕ್ಲಿಪ್ಪು.”

ಹಾಕಿಕೊಂಡರು. ನಾನು ಎದ್ದು ನಿಂತೆ. ಅವರೇ ಕಲಿಸಿದ ಮಾತನ್ನು ಅವರ ಮುಖದ ಮುಂದೆ, ಕಾರಿಡಾರಿಗೆಲ್ಲ ಕೇಳುವಂತೆ ಕೂಗಿದೆ. “ತಗೊಳ್ಳಿ ಸಾರ್ ಉಸಿರು, ಇನ್ನೂ, ಇನ್ನೂ... ಹಾರ್ಲಿ ಬೂದಿ! ಹಾರ್ಲಿ, ಹಾರ್ಲಿ, ಹಾರ್ಲಿ, ಬಿಡಬೇಡಿ, ಇನ್ನೂ ಇದೆ, ಹಾರ್ಲಿ!”

ಗೆರೆ ಎದ್ದಿತು. ಎದ್ದು, ಅವರ ವಯಸ್ಸಿನವರಲ್ಲಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿ, ನಿಧಾನವಾಗಿ ಇಳಿಯಿತು. ಇನ್ನೆರಡು ಸಲ ಊದಿಸಿದೆ. ಅದೇ ಗೆರೆ. ಆರೋಗ್ಯವಂತನ ಗೆರೆ. ಅವರು ಹಣೆ ಹಣೆ ಬಡಿದುಕೊಂಡರು.

“ಅಯ್ಯೋ, ಬಿ.ಪಿ. ಮಾತ್ರೆ! ಆ ಮಾತ್ರೆಗೆ ಕೆಲವರಿಗೆ ಒಣಕೆಮ್ಮು ಬರುತ್ತೆ ಅಂತ ಪಾಠ ಮಾಡೋನು ನಾನೇ ಅಲ್ವಾ!”

ಎರಡು ದಿನದ ನಂತರ ತೆಗೆಸಿದ ಸ್ಕ್ಯಾನೂ ಚೊಕ್ಕವಾಗಿಯೇ ಬಂತು. ಮಾತ್ರೆ ಬದಲಾಯಿಸಿದರು. ಈಗ ಕೆಮ್ಮಿಲ್ಲ.

ಆದರೆ ಆವತ್ತು ನನ್ನಿಂದ ಸುಮ್ಮನಿರಲಾಗಲಿಲ್ಲ. ಅಲ್ಲಿಂದಲೇ ಅವ್ವನಿಗೆ ಫೋನು ಮಾಡಿ ವಿಷಯ ಹೇಳಿದೆ. “ಕೊಡು ಅವ್ರಿಗೆ” ಎಂದಳು. ಕೊಟ್ಟೆ. ಇಷ್ಟು ತಿಂಗಳು ಕೆಮ್ಮಿಕೊಂಡು ಒಬ್ಬರಿಗೂ ಹೇಳದೆ ತಿರುಗಿದ್ದಕ್ಕೆ ಅವ್ವ ಶುರುಮಾಡಿದಳು. ಊರವರಿಗೆಲ್ಲ ಬುದ್ಧಿ ಹೇಳುವವರಿಗೆ ತಮ್ಮ ಬುದ್ಧಿ ಎಲ್ಲಿ ಹೋಗಿತ್ತು ಎಂಬಲ್ಲಿಂದ ಹಿಡಿದು, ಸಂದಿಲ್ಲದೆ, ತಡೆಯಿಲ್ಲದೆ. ನನಗೆ ಅಷ್ಟು ದೂರಕ್ಕೂ ಕೇಳುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿದರು. ಕತ್ತು ಒಂದಿಷ್ಟು ಎಡಕ್ಕೆ ವಾಲಿತು. ಹೊರಗೆ ಯಾರೋ ಪೇಟದ ಅಳತೆಗೆಂದು ಬಾಗಿಲು ತಟ್ಟಿದರೂ ಅಲುಗಾಡದೆ ಪೂರ್ತಿ ಕೇಳಿದರು. ಮುಗಿದ ಮೇಲೆ ಫೋನನ್ನು ನನ್ನ ಕೈಗಿಟ್ಟರು.

“ಚೆನ್ನಾಗಿದೆ ಕಣಮ್ಮ ನಿಮ್ಮವ್ವನ ಎದೆ” ಎಂದರು. “ಇಬ್ಬರದೂ ಚೆನ್ನಾಗಿದೆ.”